ಒಂದು ಕೂದಲೆಳೆ ಮೇಲೆ

ನಾಟಕ ಮಂದಿರದ ವೇದಿಕೆಯ ಮುಂದೆ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ವಾದ್ಯದವರು ಕೂರುವ ಜಾಗವಿತ್ತು. ಮ್ಯಾನೇಜರು ಅದಕ್ಕೊಂದು ದೊಡ್ಡ ಹೆಸರು ಹೇಳುತ್ತಿದ್ದರು. ಅಲ್ಲಿ ಕೂರುವವರು ಮಾತ್ರ ಗುಂಡಿ ಎನ್ನುತ್ತಿದ್ದರು. ಸಂಜೆ ಕೋಟು ಹಾಕಿಕೊಂಡು ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ "ಗುಂಡಿಗೆ" ಎಂದೇ ಉತ್ತರ. ಹೆಂಡತಿಯರು "ಬಿಡ್ತು ಅನ್ನಿ" ಎಂದು ಬೈಯುತ್ತಿದ್ದರು.

ಆ ಗುಂಡಿಯ ಮೂಲೆಯಲ್ಲಿ ಒಂದು ಪಿಯಾನೋ. ಗೋಡೆಯ ತೇವ ಕುಡಿದೂ ಕುಡಿದೂ ಅದರ ಸ್ವರಗಳು ಮುನಿಸಿಕೊಂಡ ವಾರಗಿತ್ತಿಯರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಬೇರೆ ಕಡೆ ಪಿಯಾನೋ ಹೇಳಿದ ಸ್ವರಕ್ಕೆ ಉಳಿದ ವಾದ್ಯಗಳು ಹೊಂದಿಕೊಳ್ಳುತ್ತವಂತೆ. ಇಲ್ಲಿ ಪಿಯಾನೋದ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಆಟ ಶುರುವಾಗುವ ಮೊದಲು ಪಿಟೀಲು ಮೇಷ್ಟ್ರು ಮೊದಲನೇ ಕುರ್ಚಿಯಲ್ಲಿ ಕೂತು, ಗದ್ದದಡಿ ಪಿಟೀಲು ಸಿಕ್ಕಿಸಿ, ಕಣ್ಣು ಮುಚ್ಚಿ, ಎರಡನೇ ತಂತಿಯ ಮೇಲೆ ಕಮಾನು ಎಳೆಯುತ್ತಿದ್ದರು. ಆ ಸ್ವರ ಹೊರಟರೆ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳಬೇಕು. ಕೊಳಲು, ತುತ್ತೂರಿ, ಉಳಿದ ಪಿಟೀಲುಗಳು ಎಲ್ಲವೂ ಅದಕ್ಕೇ ಹೊಂದಿಕೊಳ್ಳಬೇಕು. ಮೇಷ್ಟ್ರು ಕೊಟ್ಟದ್ದೇ ಶ್ರುತಿ, ಅದರ ಮೇಲೆ ಮಾತಿಲ್ಲ. ಯಾರೂ ಮಾಡಿದ ನಿಯಮವಲ್ಲ ಇದು. ಹಾಗೇ ಬೆಳೆದು ಬಂದ ರೂಢಿ.

ಮೇಷ್ಟ್ರು ಎಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರ ಅಪ್ಪ ಗಡಿಯಾರ ರಿಪೇರಿಯವನು. ಅಂಗಡಿಯಲ್ಲಿ ಗೋಡೆ ತುಂಬ ಗಡಿಯಾರಗಳು ಒಟ್ಟಿಗೆ ಗಂಟೆ ಹೊಡೆಯುವಾಗ, ಮೇಜಿನ ಕೆಳಗೆ ಆಡಿಕೊಂಡಿದ್ದ ಕೂಸು ಕಿವಿ ಮುಚ್ಚಿಕೊಂಡು ಅಳುತ್ತಿತ್ತಂತೆ. ಸದ್ದಿಗೆ ಅಳುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಒಂದು ದಿನ ಅದು ಬೆರಳು ತೋರಿಸಿ "ಅದು ಸುಳ್ಳು ಹೇಳ್ತಿದೆ" ಎಂದಿತು. ಅಪ್ಪ ಬಿಚ್ಚಿ ನೋಡಿದರೆ ಆ ಗಡಿಯಾರದ ಗಂಟೆ ಬಿರುಕು ಬಿಟ್ಟಿತ್ತು. ಅಲ್ಲಿಂದ ಶುರುವಾದದ್ದು ಅವರ ಜೀವನ.

ಅವರ ಹೆಂಡತಿಯನ್ನು ಬೀದಿಯವರು ಹೊಲಿಗೆಯಕ್ಕ ಎಂದು ಕರೆಯುತ್ತಿದ್ದರು. ಗುಂಡಿಯಲ್ಲಿ ಕೊಳಲು ನುಡಿಸುವವನು ಅವಳ ಒಡಹುಟ್ಟಿದ ಅಣ್ಣ. ಅವನೇ ಒಂದು ಮಧ್ಯಾಹ್ನ ಮೇಷ್ಟ್ರನ್ನು ಊಟಕ್ಕೆ ಕರೆತಂದಿದ್ದ. ಬಂದವರು ಊಟದ ಬಗ್ಗೆ ಒಂದು ಮಾತಾಡಲಿಲ್ಲ. ಹೊರಡುವಾಗ ಮಾತ್ರ "ನಿಮ್ಮನೆ ಬಾಗಿಲು ಬಹಳ ಚೆನ್ನಾಗಿ ಕಿರುಗುಟ್ಟುತ್ತೆ" ಎಂದರು. ಹುಡುಗಿಯ ಅಮ್ಮ ಮುಖ ಸಿಂಡರಿಸಿದಳು. ಮಗಳು ಒಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕದ್ದೇ ತಪ್ಪಾಯಿತು ಎಂದು ಅವಳು ಮುಂದೆ ತಮಾಷೆಗೆ ಹೇಳುವುದಿತ್ತು. ವರ್ಷ ತುಂಬುವುದರೊಳಗೆ ಮದುವೆ.

ಬೇಕರಿಯ ಮೇಲಿನ ಎರಡು ಕೋಣೆ ಅವರ ಸಂಸಾರ. ಕೆಳಗೆ ಒಲೆ ಉರಿದರೆ ಮೇಲೆ ನೆಲ ಬೆಚ್ಚಗಾಗುತ್ತಿತ್ತು; ಕಿಟಕಿಯ ಸಂದಿಯಲ್ಲಿ ಸದಾ ಹಿಟ್ಟಿನ ಧೂಳು. ಮಕ್ಕಳಾಗಲಿಲ್ಲ. "ಪಿಟೀಲೇ ನಿಮ್ಮನೆ ಮಗು ಬಿಡಿ" ಎಂದು ಯಾರಾದರೂ ಸಮಾಧಾನ ಹೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. "ಮಗುವಾದ್ರೆ ಒಂದಷ್ಟು ಹೊತ್ತು ಹೊರಗೆ ಹೋಗಿ ಆಡ್ಕೊಂಡು ಬರ್ತಿತ್ತು" ಎನ್ನುತ್ತಿದ್ದಳು. ಆದರೂ ಬೆಳಿಗ್ಗೆ ಅವರು ತಂತಿ ತಿರುವುವ ಸದ್ದು ಕೇಳದೆ ಹೊಲಿಗೆ ಯಂತ್ರದ ಮೇಲೆ ಅವಳ ಕಾಲು ಓಡುತ್ತಿರಲಿಲ್ಲ. ಆ ಸ್ವರದ ಹೆಸರು ಅವಳಿಗೆ ಗೊತ್ತಿಲ್ಲ. ಗಂಡನ ಹೆಜ್ಜೆ ಸದ್ದು ಗೊತ್ತಿದ್ದ ಹಾಗೆ ಅದೂ ಗೊತ್ತಿತ್ತು, ಅಷ್ಟೇ.

ಆಮೇಲೆ ಯುದ್ಧ ಬಂತು.

ಮೊದಲು ಮಂದಿರದ ದೀಪ ಹೋದವು, ಆಮೇಲೆ ಆಟ ನಿಂತವು, ಆಮೇಲೆ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ ಅಲ್ಲಿ ಸೈನ್ಯದ ಕಂಬಳಿ ಮೂಟೆ ಪೇರಿಸಿದರು. ಗುಂಡಿಯೊಳಗೂ ಮೂಟೆ, ಪಿಯಾನೋದ ಮೇಲೂ ಮೂಟೆ. ಗುಂಡಿಯವರು ದಿಕ್ಕಾಪಾಲಾದರು. ಕೊಳಲಣ್ಣನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಹೊಲಿಗೆಯಕ್ಕನಿಗೆ ಸೈನಿಕರ ಕೋಟಿಗೆ ತೋಳು ಹಚ್ಚುವ ಕೆಲಸ. ಎಡತೋಳು ಮಾತ್ರ, ಬಲತೋಳು ಬೇರೆಯವರದು. ಬೆಳಗಿನಿಂದ ಕತ್ತಲಾಗುವವರೆಗೆ ಎಡತೋಳು ಹಚ್ಚಿ ಹಚ್ಚಿ, ಇಷ್ಟೊಂದು ಎಡಗೈ ಈ ಲೋಕದಲ್ಲಿ ಇವೆಯೇ ಎನ್ನಿಸುತ್ತಿತ್ತು ಅವಳಿಗೆ.

ಮೇಷ್ಟ್ರಿಗೆ ಬಂದೂಕು ಹೊರುವ ವಯಸ್ಸು ದಾಟಿತ್ತು. ಆದರೆ ಸೈನ್ಯದವರು ಬಂದೂಕಿಗೆ ಅವರನ್ನು ಕೇಳಲಿಲ್ಲ, ಕಿವಿಗೆ ಕೇಳಿದರು. ಊರ ಹೊರಗಿನ ಬೆಟ್ಟದ ಮೇಲೆ ತಗಡಿನ ದೊಡ್ಡ ದೊಡ್ಡ ಕಹಳೆಗಳನ್ನು ಆಕಾಶಕ್ಕೆ ಬಾಯಿ ಮಾಡಿ ನಿಲ್ಲಿಸಿದ್ದರು. ಅದರ ಹಿಂದುಗಡೆ ಕೂತು, ಕಿವಿಗೆ ಕೊಳವೆ ಸಿಕ್ಕಿಸಿಕೊಂಡು, ವಿಮಾನ ಕಣ್ಣಿಗೆ ಬೀಳುವ ಮುಂಚೆಯೇ ಎತ್ತ ಕಡೆಯಿಂದ ಬರುತ್ತಿದೆ, ನಮ್ಮದೋ ಅವರದೋ ಎಂದು ಹೇಳಬೇಕು. ಹಾಡುವವರು, ಬಾರಿಸುವವರು, ಗಂಟೆ ಎರಕ ಹೊಯ್ಯುವವರು, ಇಂಥವರನ್ನೇ ಆರಿಸಿ ಒಯ್ದರು. ಮೇಷ್ಟ್ರು ಬೆರಳು ತೋರಿಸಿದ ಕಡೆಗೆ ತೋಪು ತಿರುಗುತ್ತಿತ್ತು. ಆ ತೋಪು ನಿಂತಿದ್ದದ್ದು ಅವರ ಎಡ ಮಗ್ಗುಲಲ್ಲಿ.

ರಜೆಯ ಮೇಲೆ ಮನೆಗೆ ಬಂದಾಗ ಅವರು ಏನೂ ಹೇಳುತ್ತಿರಲಿಲ್ಲ. ಬೆಚ್ಚಗಿನ ನೆಲದ ಮೇಲೆ ಬರಿಗಾಲಿಟ್ಟುಕೊಂಡು ಕೂತಿರುತ್ತಿದ್ದರು. ಒಮ್ಮೆ ಮಾತ್ರ, ಅವಳು ಕೇಳದಿದ್ದರೂ, "ಆ ಕಡೆಯವರ ಇಂಜಿನ್ನೂ ಶ್ರುತಿಯಲ್ಲೇ ಇರುತ್ತೆ ಕಣೇ" ಎಂದರು. ಅವಳು ಸೂಜಿ ನಿಲ್ಲಿಸಿದಳು. ಪಿಟೀಲು ಬೀರುವಿನ ಮೇಲೆ ಹಳೆ ಸೀರೆ ಸುತ್ತಿಕೊಂಡು ಮಲಗಿತ್ತು. ತೆಗೆದುಕೊಡಲೇ ಎಂದರೆ ಬೇಡ ಎಂದು ತಲೆಯಾಡಿಸಿದರು. "ಗುಂಡಿಗೆ ಹೋಗುವ ದಿನ ತೆಗೀತೀನಿ. ಅಲ್ಲೀವರೆಗೂ ಅದೊಂದನ್ನಾದರೂ ಈ ಗಲಾಟೆಯಿಂದ ಹೊರಗೆ ಇಡೋಣ."

ಯುದ್ಧ ಮುಗಿಯಿತು ಎಂದು ಗಂಟೆ ಬಾರಿಸಿದ ದಿನ ಬೀದಿಯಲ್ಲಿ ಕುಣಿದವರೂ ಇದ್ದರು. ಹೊಲಿಗೆಯಕ್ಕ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕೆಲವು ವಾರಕ್ಕೆ ಮೇಷ್ಟ್ರು ಬಂದರು, ಅರ್ಧ ಆಳಾಗಿ. ಮೆಟ್ಟಿಲು ಹತ್ತಲು ನಡುವೆ ಕೂತು ಸುಧಾರಿಸಿಕೊಳ್ಳಬೇಕಿತ್ತು. ಮಂದಿರದಿಂದ ಕಂಬಳಿ ಮೂಟೆ ಇಳಿಸುತ್ತಿದ್ದಾರೆ, ನಿಂತುಹೋದ ಆಟವನ್ನೇ ಮತ್ತೆ ಹಾಕುತ್ತಾರೆ ಎಂಬ ಸುದ್ದಿ ಕೇಳಿದ ಮೇಲೆ ಅವರ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಬೆಟ್ಟದ ಮೇಲೆ ಅಷ್ಟು ಕಾಲ ಅವರನ್ನು ಹಿಡಿದು ನಿಲ್ಲಿಸಿದ್ದು ಆ ಮೊದಲನೇ ಕುರ್ಚಿಯೊಂದೇ ಎಂದು ಅವಳಿಗೆ ಗೊತ್ತಿತ್ತು.

ಪಿಟೀಲು ಕೆಳಗಿಳಿಯಿತು. ಬೆಳಿಗ್ಗೆ ತಂತಿ ತಿರುವುವ ಸದ್ದು ಮತ್ತೆ ಶುರುವಾಯಿತು. ಆದರೆ ಅವಳ ಕಾಲು ಯಂತ್ರದ ಮೇಲೆ ಓಡಲಿಲ್ಲ. ಏನೋ ಬೇರೆ. ಹೊಸ ಚಪ್ಪಲಿ ಹಾಕಿಕೊಂಡು ಗಂಡ ಬಂದರೆ ಹೆಜ್ಜೆ ಬೇರೆ ಕೇಳುತ್ತದಲ್ಲ, ಹಾಗೆ. ಅವರು ಬಿರಡೆಯನ್ನು ಬಿಗಿ ಮಾಡುತ್ತಾರೆ, ಕೇಳುತ್ತಾರೆ, ಇನ್ನೂ ಬಿಗಿ ಮಾಡುತ್ತಾರೆ. ಟಪ್ ಎಂದು ಸಣ್ಣ ತಂತಿ ಹರಿಯುತ್ತದೆ. ಯುದ್ಧಕ್ಕೆ ಮುಂಚೆ ಒಂದು ತಂತಿ ಒಂದು ಚಳಿಗಾಲ ಪೂರ್ತಿ ಬಾಳುತ್ತಿತ್ತು. ಈಗ ಅಂಗಡಿಯಲ್ಲಿ ತಂತಿಯೇ ಸಿಗದ ಕಾಲದಲ್ಲಿ ಹರಿದದ್ದರ ಮೇಲೆ ಹರಿಯುತ್ತಿತ್ತು.

"ತಂತಿ ಹಳತಾಗಿದೆ" ಎಂದರು ಮೇಷ್ಟ್ರು.

ಒಂದು ದಿನ ಅಡುಗೆಯ ಕೋಣೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ಕೈಯಿಂದ ಮುಚ್ಚಳ ಜಾರಿ ಕಲ್ಲಿನ ಮೇಲೆ ಬಿತ್ತು.

"ಯಾವೆರಡು ಬಿದ್ದವು?" ಎಂದು ಕೇಳಿದರು ಅವರು ಇನ್ನೊಂದು ಕೋಣೆಯಿಂದ.

"ಎರಡೆಲ್ಲಿ? ಒಂದೇ ಮುಚ್ಚಳ."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, "ಹೂಂ. ಒಂದೇ ಇರಬೇಕು."

ಅವಳು ಕೈಯಲ್ಲಿ ನೀರು ಇಳಿಯುತ್ತಿದ್ದ ಹಾಗೇ ನಿಂತಳು. ಪಾತ್ರೆ ಬಿದ್ದರೆ ಯಾವ ಪಾತ್ರೆ, ಯಾವ ಕಡೆ ನಗ್ಗಿತು ಎಂದು ಹೇಳುತ್ತಿದ್ದ ಮನುಷ್ಯ ಇವರು. ಮಾರನೇ ದಿನ ಒರೆಸುವ ನೆಪದಲ್ಲಿ ಅವರ ಬಲಗಡೆ ನಿಂತು ಅದೇ ಮುಚ್ಚಳಕ್ಕೆ ಚಮಚ ತಾಕಿಸಿದಳು. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. ಎಡಗಡೆ ಹೋಗಿ ತಾಕಿಸಿದಳು. ಅವರ ತುಟಿಯ ಕೊನೆ ಒಂದು ಸಲ ಅದುರಿತು. ಯಾರಾದರೂ ಅಪಸ್ವರ ನುಡಿಸಿದರೆ ಅದುರುತ್ತಿದ್ದ ತುಟಿ ಅದು. ಮುಚ್ಚಳ ಅದೇ, ಚಮಚ ಅದೇ. ಬಲಗಿವಿಗೆ ಸರಿಯಾಗಿ ಕೇಳಿದ್ದು ಎಡಗಿವಿಗೆ ಸ್ವರ ಇಳಿದು ಕೇಳುತ್ತಿತ್ತು. ಪಿಟೀಲು ಕೂರುವುದು ಎಡಗಿವಿಯ ಕೆಳಗೆ. ಅದು ಇಳಿದಿದೆ ಎಂದುಕೊಂಡು ಅವರು ತಂತಿ ಬಿಗಿ ಮಾಡುತ್ತಿದ್ದರು, ಅದಕ್ಕೇ ಹರಿಯುತ್ತಿತ್ತು.

ಗೊತ್ತಾದದ್ದನ್ನು ಹೇಳುವುದು ಹೇಗೆ? ಹೇಳಿದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಆ ಮನುಷ್ಯನಲ್ಲಿ ಉಳಿಯುವುದೇನು? ಹೇಳದಿದ್ದರೆ ಆಟದ ದಿನ ಊರ ಮುಂದೆ ಮಾನ ಹೋಗುತ್ತದೆ. ಅಭ್ಯಾಸ ಶುರುವಾಗಲಿ, ಅಲ್ಲಿ ಯಾರಾದರೂ ಗುರುತಿಸುತ್ತಾರೆ, ನನ್ನ ಬಾಯಿಂದ ಬೇಡ ಎಂದುಕೊಂಡಳು.

ಅಭ್ಯಾಸ ಶುರುವಾಯಿತು. ಗುಂಡಿಯವರ ಕರಿ ಕೋಟುಗಳನ್ನೆಲ್ಲ ಹುಳ ತಿಂದಿತ್ತು; ಅವುಗಳಿಗೆ ತೇಪೆ ಹಾಕುವ ಕೆಲಸ ಹೊಲಿಗೆಯಕ್ಕನಿಗೇ ಬಂತು. ಹೀಗಾಗಿ ಅವಳು ಮೇಲಿನ ಖಾಲಿ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿದಳು. ಮೇಷ್ಟ್ರು ಕಣ್ಣು ಮುಚ್ಚಿ ಸ್ವರ ಎಳೆದರು. ಊರಲ್ಲೇ ಉಳಿದವರು, ಯುದ್ಧದಿಂದ ಉಳಿದು ಬಂದವರು, ಹೊಸದಾಗಿ ಸೇರಿದವರು, ಎಲ್ಲರೂ ಉಸಿರು ಹಿಡಿದು ಕೇಳಿದರು. ಆಮೇಲೆ ಒಬ್ಬೊಬ್ಬರೇ ತಮ್ಮ ವಾದ್ಯವನ್ನು ಮೇಲಕ್ಕೆ ಏರಿಸಿಕೊಂಡರು. ಒಬ್ಬರಾದರೂ ಹುಬ್ಬು ಹಾರಿಸಲಿಲ್ಲ.

ಪಿಯಾನೋ ಸರಿ ಮಾಡುವವನೊಬ್ಬನು ಮಾತ್ರ ಜೇಬಿನಿಂದ ಶ್ರುತಿ ನೋಡುವ, ಎರಡು ಕಾಲಿನ ಉಕ್ಕಿನ ಕವೆಯೊಂದನ್ನು ತೆಗೆದು ಮೊಣಕಾಲಿಗೆ ಬಡಿದು ಕಿವಿಗಿಟ್ಟುಕೊಂಡ. "ಮೇಷ್ಟ್ರೇ, ಇದು ಸ್ವಲ್ಪ ಕೆಳಗೆ ಹೇಳ್ತಿದೆಯಲ್ಲ..."

ಗುಂಡಿ ಪೂರ್ತಿ ನಕ್ಕಿತು. "ನಿನ್ನ ಕವೆಗೂ ಯುದ್ಧ ತಾಗಿರ್ಬೇಕು ಕಣಯ್ಯ, ಕುಂಟ್ತಿದೆ" ಎಂದ ಕೊಳಲಣ್ಣ.

"ತಂತಿ ಇಷ್ಟು ಎಳೆದರೆ ಈ ಮುದುಕಿ ತಡೆಯಲ್ಲ ಸ್ವಾಮಿ" ಎಂದು ಗೊಣಗಿ, ಅವನೂ ಕವೆಯನ್ನು ಜೇಬಿಗೆ ಹಾಕಿ ಪಿಯಾನೋವನ್ನು ಮೇಷ್ಟ್ರ ಸ್ವರಕ್ಕೆ ಏರಿಸಿದ.

ಹಾಗೆ ಎಲ್ಲರೂ ಮೇಲೇರಿ ನುಡಿಸಿದಾಗ, ಉಳಿದವರದು ಬಲಗಿವಿಗೆ, ತಮ್ಮದು ಎಡಗಿವಿಗೆ ಬಿದ್ದು, ಮೇಷ್ಟ್ರಿಗೆ ತಮ್ಮ ಪಿಟೀಲು ಮತ್ತೆ ಕೆಳಗುಳಿದ ಹಾಗೆ ಕೇಳುತ್ತಿತ್ತು. ಮಾರನೇ ದಿನ ಇನ್ನೊಂದು ಕೂದಲೆಳೆ ಬಿಗಿ. ಗುಂಡಿಯೂ ಅವರ ಹಿಂದೆ ಇನ್ನೊಂದು ಕೂದಲೆಳೆ ಮೇಲೆ. ಹಾಡುವ ಹೆಂಗಸು ಗಂಟಲು ನೋವು ಎಂದು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬರತೊಡಗಿದಳು. "ಯುದ್ಧದಲ್ಲಿ ಹಾಡಿಲ್ಲ ನೋಡಿ, ಗಂಟಲು ತುಕ್ಕು ಹಿಡಿದಿದೆ" ಎಂದು ಅವಳೇ ಸಮಾಧಾನ ಹೇಳಿಕೊಂಡಳು.

ಒಂದು ಬೆಳಿಗ್ಗೆ ಕೊಳಲಣ್ಣ ಬೇಕರಿಯ ಮೆಟ್ಟಿಲು ಹತ್ತಿ ಬಂದ. ಮೇಷ್ಟ್ರು ತಂತಿ ಹುಡುಕಿಕೊಂಡು ಹೊರಗೆ ಹೋಗಿದ್ದರು.

"ನಿನ್ನ ಗಂಡ ಮೋಡದ ಮೇಲೆ ಕೂತು ಶ್ರುತಿ ಕೊಡ್ತಾನೆ ತಂಗಿ. ನನ್ನ ಕೊಳಲು ಏಣಿ ಹಾಕಿದ್ರೂ ಎಟುಕಲ್ಲ" ಎಂದು ನಗುತ್ತಲೇ ಕೂತ. ನಗು ಬೇಗ ಆರಿತು. ಕೊಳಲನ್ನು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ. ತುಂಡು ಜೋಡಿಸಿ ನುಡಿಸುವ ಕರಿಮರದ ಕೊಳಲು, ಅಣ್ಣತಂಗಿಯರ ಅಪ್ಪ ನುಡಿಸುತ್ತಿದ್ದದ್ದು. ಬೆರಳಿಡುವ ಕಡೆ ಮರ ಸವೆದು ಹೊಳೆಯುತ್ತಿತ್ತು. "ಎರಡು ತುಂಡನ್ನೂ ಪೂರ್ತಿ ಒಳಗೆ ತಳ್ಳಿ ನುಡಿಸಿದ್ರೂ ಕೆಳಗೇ ಉಳೀತೀನಿ. ಕೊಳಲಲ್ಲ ಕಣೇ, ನಾನೇ. ಒಗೆಯೋ ಮನೆ ಹಬೆ ಕುಡಿದು ಎದೆ ಹೋಗಿದೆ. ಉಸಿರಲ್ಲಿ ದಮ್ಮಿಲ್ಲ."

"ಹಾಗೆಲ್ಲ ಏನಿಲ್ಲ ಅಣ್ಣ."

"ನಿನಗೇನು ಗೊತ್ತು. ರಾತ್ರಿ ಕಂಬಳಿ ಮುಸುಕು ಹಾಕ್ಕೊಂಡು ಊದಿ ನೋಡ್ತೀನಿ, ಪಕ್ಕದ ಮನೆಯವರು ಬೈತಾರೆ ಅಂತ. ಭಾವ ಏನೂ ಅನ್ನಲ್ಲ, ಮರ್ಯಾದಸ್ಥ. ಬೇರೆಯವನಾಗಿದ್ರೆ ಇಷ್ಟು ಹೊತ್ತಿಗೆ ಎದ್ದು ಹೋಗು ಅಂತಿದ್ದ."

ನಿಜ ಅವಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕೆಳಗೆ ಗಂಡ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವ ಉಸಿರು ಕೇಳಿಸಿತು. "ಇನ್ನೊಂಚೂರು ಬ್ರೆಡ್ ತಗೋ ಅಣ್ಣ" ಎಂದಳು.

ವಾರ ಕಳೆಯುವುದರೊಳಗೆ ಅಭ್ಯಾಸದ ನಡುವಿನ ಬಿಡುವಿನಲ್ಲಿ ಅವನು ಅವಳು ಕೂತಿದ್ದ ಸಾಲಿಗೆ ಬಂದು ಹೆಬ್ಬೆರಳು ತೋರಿಸಿದ. ಹೆಬ್ಬೆರಳಿಗೆ ಕರಿಮರದ ಬಳೆಯಂಥದ್ದೊಂದು ಸಿಕ್ಕಿಸಿಕೊಂಡಿದ್ದ.

"ಏನಣ್ಣ ಇದು?"

"ಉಂಗುರ. ಚೆನ್ನಾಗಿದೆಯಾ? ಮರಗೆಲಸದವನ ಹತ್ತಿರ ಹೋಗಿ ಕೊಳಲಿನ ಕತ್ತು ಒಂಚೂರು ಕುಯ್ಯಿಸ್ಕೊಂಡೆ. ಗಿಡ್ಡ ಆದ್ರೆ ಸ್ವರ ಏರುತ್ತೆ. ಈಗ ನಿನ್ನ ಗಂಡನ ಸರಿಸಮ ನಿಲ್ತೀನಿ ನೋಡು!"

ಅವಳ ಕೈಯಲ್ಲಿದ್ದ ಕೋಟು ಕೆಳಗೆ ಬಿತ್ತು. ಕುಯ್ದ ಕಡೆ ಮರ ಹೊಸದಾಗಿ, ಎಳೆಯದಾಗಿ ಕಾಣುತ್ತಿತ್ತು. ಅಪ್ಪ ಸಾಯುವ ಮೊದಲು ಈ ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ಮಗನ ಕೈಗಿಟ್ಟಾಗ ಅವಳೂ ಹಾಸಿಗೆಯ ಪಕ್ಕದಲ್ಲಿದ್ದಳು.

ಆ ದಿನ ಮನೆಗೆ ಹೋದ ಮೇಲೆ ಕೋಟು ಬಿಚ್ಚುವುದಕ್ಕೂ ಬಿಡದೆ ಅವಳು ಕೇಳಿದಳು. "ರೀ, ಎಡಗಿವಿ ಹೇಗಿದೆ?"

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದು ನಿಂತರು. "ನಿನಗೆ ಯಾವಾಗ ಗೊತ್ತಾಯ್ತು?" ಎಂದರು.

"ಮುಚ್ಚಳ ಬಿದ್ದ ದಿನ. ನಿಮಗೆ?"

"ಬೆಟ್ಟದ ಮೇಲಿದ್ದಾಗಲೇ."

"ಗೊತ್ತಿದ್ದೂ...?"

"ಮನೆಗೆ ಬಂದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಬಂದೆ. ನಾಲ್ಕು ದಿನ ನಿದ್ದೆ ಮಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಗುಂಡಿಗೆ ಇಳಿದ್ರೆ, ಆ ಜಾಗಕ್ಕೆ ಹೋಗಿ ಕೂತ್ರೆ, ತಾನಾಗೇ ಸರಿಹೋಗುತ್ತೆ ಅಂದ್ಕೊಂಡೆ." ಅವರು ಕೂತರು. "ಯಾವ ಕಿವಿ ನಿಜ ಹೇಳ್ತಿದೆ ಅಂತಾನೂ ಈಗ ಗೊತ್ತಾಗ್ತಿಲ್ಲ ಕಣೇ. ಗುಂಡಿಯವರೆಲ್ಲ ನಾನು ಕೊಟ್ಟಿದ್ದನ್ನ ಹಾಗೇ ತಗೊಂಡ್ರು ನೋಡು. ಇಷ್ಟು ಜನ ತಗೊಂಡ್ಮೇಲೆ ಸರಿಯೇ ಇರಬೇಕು ಅನ್ನಿಸ್ತು. ನೀನ್ಯಾಕೆ ಹೇಳಲಿಲ್ಲ?"

"ಯಾವ ಬಾಯಲ್ಲಿ ಹೇಳಲಿ."

ಕೆಳಗೆ ಒಲೆಯ ಬಾಗಿಲು ತೆಗೆದು ಹಾಕುವ ಸದ್ದು. ಇಬ್ಬರಿಗೂ ಜಗಳವಾಡುವ ತ್ರಾಣವಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತೇನೋ.

"ಅಣ್ಣ ಕೊಳಲು ಕುಯ್ಯಿಸಿಬಿಟ್ಟ" ಎಂದಳು ಅವಳು. "ತನ್ನ ಉಸಿರೇ ಹೋಯ್ತು ಅಂತ ತಿಳ್ಕೊಂಡಿದ್ದಾನೆ."

ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರ ಮುಖ ಹಿಟ್ಟು ಬಳಿದ ಹಾಗಾಯಿತು. ಬಿಚ್ಚದ ಕೋಟಿನಲ್ಲೇ ಮೆಟ್ಟಿಲಿಳಿದು ಹೊರಟರು. ಅವಳು ಬಾಗಿಲಿಗೆ ಬೀಗ ಹಾಕಿ ಹಿಂದೆ ಹೋದಳು.

ಕೊಳಲಣ್ಣ ಕಲ್ಲಿದ್ದಲಿನ ಸಾಲಿನಲ್ಲಿ ಖಾಲಿ ಚೀಲ ಹಿಡಿದು ನಿಂತಿದ್ದ. ಸಾಲು ಬೀದಿ ತಿರುವಿನವರೆಗೆ ಇತ್ತು. ಮೇಷ್ಟ್ರು ಅವನ ಪಕ್ಕಕ್ಕೆ ಹೋದದ್ದೇ ತಡ, ಹಿಂದಿನಿಂದ ಒಬ್ಬಳು ಕೂಗಿದಳು. "ಓಯ್ ಕೋಟಿನ ಯಜಮಾನ್ರೇ, ನಡುವೆ ತೂರ್ಕೋಬೇಡಿ!"

"ಕಲ್ಲಿದ್ದಲಿಗೆ ಬಂದಿಲ್ಲಮ್ಮ. ಮಾತಾಡ್ಬೇಕು ಅಷ್ಟೇ."

"ಎಲ್ಲರೂ ಹಾಗೇ ಅಂತಾರೆ. ಆಮೇಲೆ ಚೀಲ ಹೊರಗೆ ಬರುತ್ತೆ."

"ಭಾವ," ಎಂದರು ಮೇಷ್ಟ್ರು, "ನಿನ್ನ ಉಸಿರು ಸರಿಯಾಗಿದೆ. ಕೆಟ್ಟದ್ದು ನನ್ನ ಕಿವಿ. ನಾನು ಕೊಡ್ತಿದ್ದ ಶ್ರುತಿಯೇ ಸುಳ್ಳು. ಮೊದಲ ದಿನದಿಂದ."

ಕೊಳಲಣ್ಣ ತಮಾಷೆ ಎಂದುಕೊಂಡು ನಗಲು ಹೊರಟು, ತಂಗಿಯ ಮುಖ ನೋಡಿ ನಿಲ್ಲಿಸಿದ. ಹೆಬ್ಬೆರಳಿನ ಬಳೆಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ.

"ಅಪ್ಪನ ಕೊಳಲು ಅದು."

"ಗೊತ್ತು."

"ಕೊಳಲು ಹಾಳಾಗ್ಲಿ. ಒಂದು ತಿಂಗಳಿಂದ ನಾನು ಸತ್ತೆ ಅಂದ್ಕೊಂಡಿದ್ದೀನಿ ಭಾವ. ಮುದುಕನಾದೆ, ಮುಗೀತು ಅಂತ ಒಬ್ಬನೇ ಕೂತು ಅತ್ತಿದ್ದೀನಿ. ಅದಕ್ಕೆ ಏನು ಮಾಡ್ತೀಯ?"

"ನೀನಾದ್ರೂ ಹೇಳ್ಬಹುದಿತ್ತಲ್ಲೇ!" ಎಂದ ಅವನು ತಂಗಿಯ ಕಡೆ ತಿರುಗಿ. ಅವಳು ತಲೆ ತಗ್ಗಿಸಿದಳು.

"ರೀ, ಸಾಲು ಮುಂದೆ ಹೋಯ್ತು, ಅಳೋದು ಆಮೇಲೆ ಅಳ್ರೀ!" ಹಿಂದಿನವಳು ಮತ್ತೆ ಕೂಗಿದಳು. ಮೂವರೂ ಮುಂದೆ ಸರಿದರು. ಸರದಿ ಬಂತು, ಚೀಲ ತುಂಬಿತು. ಮೇಷ್ಟ್ರು ಹೊರಲು ಬಗ್ಗಿದರು. ಕೊಳಲಣ್ಣ ಅವರ ಕೈ ತಳ್ಳಿದ.

"ನನ್ನ ಉಸಿರು ಸರಿಯಾಗಿದೆ ಅಂದ್ಯಲ್ಲ?"

"ಸರಿಯಾಗಿದೆ."

"ಹಾಗಾದ್ರೆ ನಾನೇ ಹೊರ್ತೀನಿ, ಬಿಡು" ಎಂದು ಚೀಲ ಬೆನ್ನಿಗೆ ಎತ್ತಿಕೊಂಡ. ಕೋಪ ಹೋಗಿರಲಿಲ್ಲ. ಮನೆ ಬಾಗಿಲವರೆಗೂ ಅವರ ಕಡೆ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಮಾತ್ರ ಹೇಳಿದ. "ಆ ಬಳೆ ಮತ್ತೆ ಅಂಟಿಸಿದ್ರೆ ನಿಲ್ಲುತ್ತೇನೋ ಕೇಳ್ತೀನಿ. ನಾಳೆ ಗುಂಡಿಯಲ್ಲಿ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಒಬ್ಬನೂ ನಂಬಲ್ಲ."

ಮಾರನೇ ದಿನ ಮೇಷ್ಟ್ರು ಪಿಟೀಲು ತೆಗೆಯದೆ, ಪೆಟ್ಟಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದರು. ಕೊಳಲಣ್ಣ ಹೇಳಿದ್ದು ನಿಜವಾಯಿತು. ಅವರೇ ಹೇಳಿದರೂ ಗುಂಡಿಯವರು ನಂಬಲು ಹಿಂದೆಮುಂದೆ ನೋಡಿದರು. ತುತ್ತೂರಿಯವನು "ಇಲ್ಲ ಮೇಷ್ಟ್ರೇ, ನಮಗೆ ಸರಿಯಾಗೇ ಕೇಳ್ತಿದೆ" ಎಂದು ವಾದಕ್ಕೇ ನಿಂತ. ಪಿಯಾನೋ ಸರಿ ಮಾಡುವವನು ಸದ್ದಿಲ್ಲದೆ ಕವೆ ತೆಗೆದು ಮೊಣಕಾಲಿಗೆ ಬಡಿದು, ಪಿಯಾನೋದ ಮರಕ್ಕೆ ಒತ್ತಿ ಹಿಡಿದ. ಆ ಸ್ವರ ಗುಂಡಿಯಲ್ಲಿ ತುಂಬಿತು. ಮೇಲಿನ ಸಾಲಿನಲ್ಲಿ ಹೊಲಿಗೆಯಕ್ಕನ ಕಾಲು ತನ್ನಷ್ಟಕ್ಕೆ ನೆಲ ಒತ್ತಿತು, ಯಂತ್ರ ತುಳಿಯುವ ಹಾಗೆ. ಯುದ್ಧಕ್ಕೆ ಮುಂಚಿನ ಬೆಳಿಗ್ಗೆಗಳ ಸ್ವರ ಅದೇ.

ಮ್ಯಾನೇಜರು ಕರೆಸಿಕೊಂಡರು. ಕೆಟ್ಟವರಲ್ಲ. "ಮುಂಬಾಗಿಲಲ್ಲಿ ನಿಂತು ಬಂದವರನ್ನ ಕೂರಿಸೋ ಕೆಲಸ ಇದೆ ಮೇಷ್ಟ್ರೇ. ಗೌರವದ ಕೆಲಸ. ಒಳ್ಳೆ ಕೋಟು ಕೊಡ್ತೀವಿ."

"ಯೋಚನೆ ಮಾಡ್ತೀನಿ" ಎಂದರು ಮೇಷ್ಟ್ರು. ಹೊರಗೆ ಬಂದಾಗ ಎರಡನೇ ಕುರ್ಚಿಯ ಪಿಟೀಲಿನ ಹೆಣ್ಣುಮಗಳು ಕಾಯುತ್ತಿದ್ದಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಮಾತು ಕಡಿಮೆ.

"ಮೊದಲನೇ ಕುರ್ಚೀಲಿ ಕೂತ್ಕೋ ಅಂತಿದ್ದಾರೆ. ಕೂತ್ಕೋತೀನಿ. ಆದ್ರೆ ನೀವು ಬಾಗಿಲಿಗೆ ಹೋಗೋದಾದ್ರೆ ನಾನು ಬರಲ್ಲ."

"ನನ್ನ ಕಿವಿ ಹೋಗಿದೆಯಮ್ಮ."

"ಕಿವಿ ಹೋಗಿದೆ. ಬೆರಳು ಹೋಗಿದೆಯಾ?" ಎಂದಳು ಅವಳು. "ಬೆರಳಿಗೆ ಜಾಗ ಗೊತ್ತಿದೆ. ತಂತಿ ನಾನು ಸರಿ ಮಾಡಿ ಕೊಡ್ತೀನಿ. ಆಮೇಲೆ ಏನು ಕೇಳಿಸಿದ್ರೂ ನೀವು ತಲೆ ಕೆಡಿಸ್ಕೋಬೇಡಿ."

"ಅದು ಹೇಗಮ್ಮ? ಅಪಸ್ವರ ಅಂತ ಗೊತ್ತಿದ್ದೂ ನುಡಿಸ್ತಾ ಹೋಗೋದು?"

"ನೀವು ಒಂದು ತಿಂಗಳು ನಮ್ಮ ಕೈಲಿ ಮಾಡಿಸಿದ್ದು ಅದೇ ಅಲ್ವಾ?"

ಬೇರೆಯವರಾಗಿದ್ದರೆ ನೊಂದುಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಯುದ್ಧದ ನಂತರ ಮೊದಲ ಸಲ ನಗು ಬಂತು. ಬಂದ ನಗು ಕೆಮ್ಮಾಗಿ, ಗೋಡೆ ಹಿಡಿದು ನಿಲ್ಲಬೇಕಾಯಿತು.

ವಿದ್ಯುತ್ತಿನ ಅಭಾವ ಇನ್ನೂ ಇದ್ದದ್ದರಿಂದ ಮೊದಲ ಆಟವನ್ನು ಮಧ್ಯಾಹ್ನಕ್ಕೇ ಇಟ್ಟರು. ಯುದ್ಧದಲ್ಲಿ ಬೆಳಕು ಹೊರಗೆ ಕಾಣದಿರಲಿ ಎಂದು ಎತ್ತರದ ಕಿಟಕಿಗಳಿಗೆ ಬಳಿದಿದ್ದ ಕಪ್ಪು ಬಣ್ಣ ಕೆರೆದು ತೆಗೆದಿದ್ದರು. ಕೆರೆದದ್ದು ಸಾಲದೆ ಬಿಸಿಲು ಗೀಚು ಗೀಚಾಗಿ ಒಳಗೆ ಬೀಳುತ್ತಿತ್ತು. ಹೊಲಿಗೆಯಕ್ಕ ಅಂಚಿನ ಕುರ್ಚಿಯಲ್ಲಿ ಕೂತಳು. ಕೊಳಲಿನ ಕತ್ತಿಗೆ ಬಳೆ ಅಂಟಿಸಿ ದಾರ ಸುತ್ತಿದ್ದದ್ದು ಅಲ್ಲಿಂದಲೂ ಕಾಣುತ್ತಿತ್ತು. ಅಣ್ಣ ಅದನ್ನು ಮುಚ್ಚಿಡಲು ಹೋಗಲಿಲ್ಲ. ಮೊದಲನೇ ಕುರ್ಚಿಯ ಹೆಣ್ಣುಮಗಳು ಸ್ವರ ಎಳೆದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಪಕ್ಕದವರ ಕಡೆ ಬಾಗಿ ಹೇಳಿದಳು. "ಒಂಚೂರು ಇಳಿಸಿ, ಮೇಷ್ಟ್ರೇ."

ಅವರು ಇಳಿಸಿದರು.

"ಇನ್ನೂ ಒಂಚೂರು."

ಅವರ ತುಟಿಯ ಕೊನೆ ಅದುರಿತು. ಇಳಿಸಿದರು.

"ಹಾಂ. ಅಲ್ಲೇ ಬಿಡಿ."

ಆಟ ಪೂರ್ತಿ ಮೇಷ್ಟ್ರು ನುಡಿಸಿದರು. ಕಣ್ಣು ಮುಚ್ಚಲಿಲ್ಲ, ಮೊದಲನೇ ಕುರ್ಚಿಯವಳ ಕೈಯ ಮೇಲೇ ಕಣ್ಣಿಟ್ಟಿದ್ದರು, ಹೊಸದಾಗಿ ಕಲಿಯುವವರ ಹಾಗೆ. ಅವರ ತುಟಿ ಅದುರುವುದು ಹಾಡು ಹಾಡಿಗೂ ನಿಲ್ಲಲಿಲ್ಲ. ಜನ ಅತ್ತರು, ನಕ್ಕರು, ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದಿಗೆ ಮೇಷ್ಟ್ರು ಎಡಗಿವಿಗೆ ಕೈ ಒತ್ತಿಕೊಂಡರು.

ಮನೆಯ ದಾರಿಯಲ್ಲಿ ಬಿಸಿಲು ಇನ್ನೂ ಇತ್ತು. ಪಿಟೀಲಿನ ಪೆಟ್ಟಿಗೆಯನ್ನು ಅವಳು ಹಿಡಿದಿದ್ದಳು. ಅವರು ಬೇಡ ಎನ್ನಲಿಲ್ಲ. ಅವರ ಬಲಗಡೆ ನಡೆಯುತ್ತಾ, ಬೀದಿ ತಿರುವು ದಾಟಿದ ಮೇಲೆ ಕೇಳಿದಳು.

"ಹೇಗಿತ್ತು ನಿಮಗೆ?"

"ಕೆಟ್ಟದಾಗಿತ್ತು ಕಣೇ. ಮೊದಲಿಂದ ಕೊನೇವರೆಗೂ. ಒಂದು ಸ್ವರಾನೂ ಸರಿಯಿರಲಿಲ್ಲ." ಸ್ವಲ್ಪ ದೂರ ನಡೆದು, "ಅಲ್ಲಿ ಕೂತವರಿಗೆ ಹೇಗಿತ್ತು?" ಎಂದರು.

"ಚೆನ್ನಾಗಿತ್ತು."

"ನಿಜ ಹೇಳು."

"ನಿಜವಾಗ್ಲೂ ಚೆನ್ನಾಗಿತ್ತು ರೀ. ಮೊದಲಿನ ಹಾಗೇ."

ಅವರು ನಿಂತರು. ಬೇಕರಿಯ ಮೆಟ್ಟಿಲು ಎದುರಿಗಿತ್ತು. ಮೇಲಿನವರೆಗೂ ನೋಡಿ, ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವಳೂ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು.

"ನಾಳೆ ಮಧ್ಯಾಹ್ನಾನೂ ಆಟ ಇದೆಯಂತೆ" ಎಂದರು ಮೇಷ್ಟ್ರು. "ಸ್ವಲ್ಪ ಬೇಗ ಹೊರಡಬೇಕು. ತಂತಿ ಇಳಿಸೋಕೆ ಆ ಹುಡುಗಿಗೆ ಹೊತ್ತು ಹಿಡಿಯುತ್ತೆ."